ಆಷಾಢದ ಗಾಳಿ, ಗೋಮಾಳದ ಹುಲ್ಲು

ಆಷಾಢದಲ್ಲಿ ದಾವಣಗೆರೆ ಜಿಲ್ಲೆಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಹಾಯ್ದು ನೋಡಬೇಕು. ಪಡುವಣಕ್ಕೆ ನ್ಯಾಮತಿಯ ಗುಡ್ಡಗಳ ನೆತ್ತಿಯಲ್ಲಿ ಮೋಡ ಕದಲದೆ ಕೂತಿರುತ್ತದೆ, ಗದ್ದೆಗಳಲ್ಲಿ ನೀರು ಹೊಳೆಯುತ್ತಿರುತ್ತದೆ. ಮೂಡಣಕ್ಕೆ ಜಗಳೂರಿನ ಕಡೆ ಹೋದರೆ ಅದೇ ಮುಂಗಾರು ಮಳೆಯನ್ನೆಲ್ಲ ಹಿಂದೆಯೇ ಚೆಲ್ಲಿ ಬರಿಗೈಯಲ್ಲಿ ಬಂದಿರುತ್ತದೆ. ಗಾಳಿ ಮಾತ್ರ ಹಗಲಿರುಳೂ ಬೀಸುತ್ತದೆ. ಹೆಗಲ ಮೇಲಿನ ಟವೆಲ್ಲು ನಿಲ್ಲುವುದಿಲ್ಲ, ಬೈಕು ಪಕ್ಕಕ್ಕೆ ಎಳೆಯುತ್ತದೆ, ಮಾತು ಬಾಯಿಂದ ಹೊರಟದ್ದೇ ಎಲ್ಲಿಗೋ ಹಾರಿಹೋಗುತ್ತದೆ. ಒಂದು ಹಗಲಿನ ಬಸ್ ಪ್ರಯಾಣದೊಳಗೆ ಒಂದೇ ಜಿಲ್ಲೆ ಎರಡು ಲೋಕವಾಗುತ್ತದೆ. ಮಳೆಯ ಪಾಲು ಅತ್ತ, ಗಾಳಿಯ ಪಾಲು ಇತ್ತ.

ಈ ಜಿಲ್ಲೆ ಹುಟ್ಟಿದ್ದೇ ಹೀಗೆ ಬೇರೆ ಬೇರೆ ಸೀಮೆಗಳನ್ನು ಜೋಡಿಸಿ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಅದು ತಾಲ್ಲೂಕಾದದ್ದು 2018ರಲ್ಲಿ. ಈ ನಾಲ್ಕೂ ತಾಲ್ಲೂಕುಗಳನ್ನು ನಾನು ಈ ಸಲ ಸುತ್ತಿದ್ದು ಒಂದೇ ವಸ್ತುವಿನ ಬೆನ್ನು ಹಿಡಿದು: ಹುಲ್ಲು. ಯಾರ ಹೆಸರಿಗೂ ಇಲ್ಲದ, ಎಲ್ಲರ ದನಕ್ಕೂ ಬೇಕಾದ ಹುಲ್ಲು. ಅದು ಬೆಳೆಯುವ ಕಾವಲು, ಗೋಮಾಳ, ಗುಡ್ಡದ ಬೆನ್ನು ಈಗ ಯಾರ ಪಾಲಾಗುತ್ತಿವೆ ಎಂದು ನೋಡಬೇಕಿತ್ತು.

ಚನ್ನಗಿರಿಯ ಸೂಳೆಕೆರೆಯ ಏರಿಯ ಮೇಲೆ ಮೊದಲ ಸಲ ನಿಂತವರಿಗೆ ಮಾತು ಹೊರಡುವುದಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಕಟ್ಟಿದ್ದಾರೆ, ಅಷ್ಟೇ. ಆದರೆ ಅದರ ಹಿಂದೆ ನಿಂತ ನೀರಿಗೆ ಆಚೆ ದಡ ಕಣ್ಣಿಗೆ ಬೀಳಲು ತಡವಾಗುತ್ತದೆ. ಗಾಳಿ ಬಂದರೆ ತೆರೆ ಎದ್ದು ಏರಿಯ ಕಲ್ಲಿಗೆ ಬಡಿಯುತ್ತದೆ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳು. ಹನ್ನೊಂದು, ಹನ್ನೆರಡನೇ ಶತಮಾನದ ಆಸುಪಾಸಿನ ಕೆಲಸ ಎನ್ನುತ್ತಾರೆ. ಇಷ್ಟು ಕಡಿಮೆ ಮಣ್ಣು ಹಾಕಿ ಇಷ್ಟು ನೀರು ನಿಲ್ಲಿಸುವ ಜಾಗವನ್ನು ಗುರುತಿಸಿದ ಕಣ್ಣು ಎಂಥದ್ದಿರಬೇಕು!

ಕೆರೆಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕತೆ. ಈ ಜಾಗ ಗಣಿಕೆಯರದಾಗಿತ್ತಂತೆ. ಅರಸುಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟು, ನೆಲ ಬಿಟ್ಟುಕೊಡಿರೆಂದು ಅವರನ್ನು ಕೇಳಿದಳು. ಅವರು ಹಾಕಿದ ಷರತ್ತು ಒಂದೇ: ಕೆರೆಗೆ ನಮ್ಮ ಹೆಸರಿರಬೇಕು. ಸರ್ಕಾರಿ ಫಲಕದಲ್ಲಿ ಇಂದು ಶಾಂತಿಸಾಗರ ಎಂದಿದೆ. ಬಸ್ಸಿನ ಕಂಡಕ್ಟರು, ಮೀನು ಹಿಡಿಯುವವರು, ಗದ್ದೆಗೆ ನೀರು ಹಾಯಿಸುವವರು ಎಲ್ಲರ ಬಾಯಲ್ಲೂ ಸೂಳೆಕೆರೆ. ಐತಿಹ್ಯವೇ ಇರಬಹುದು. ಆದರೆ ಅದರೊಳಗೆ ಒಂದು ನ್ಯಾಯವಿದೆ. ದೊಡ್ಡ ಕೆಲಸಕ್ಕೆ ನೆಲ ಬೇಕಾದಾಗ ಮೊದಲು ಅಲ್ಲಿದ್ದವರನ್ನು ಕೇಳಿದರು. ಅವರು ಷರತ್ತು ಹಾಕಿದರು. ಆ ಷರತ್ತನ್ನು ಅರಮನೆ ಒಪ್ಪಿತು, ಊರು ಇವತ್ತಿಗೂ ನಡೆಸಿಕೊಂಡು ಬರುತ್ತಿದೆ.

ಚನ್ನಗಿರಿಯ ತೆಂಕಣಕ್ಕೆ ಇಳಿದರೆ ಉಬ್ರಾಣಿಯ ಸೀಮೆ. ಎಲ್ಲಿ ನೋಡಿದರೂ ಅಡಿಕೆ. ಸಾಲು ಸಾಲು ಹಸಿರು, ಮನೆಗಳ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ. ಈ ಹಸಿರಿನ ಕೆಳಗೆ ಇನ್ನೊಂದು ಹಸಿರಿನ ನೆನಪಿದೆ. ಉಬ್ರಾಣಿಯದು ಅಮೃತ್ ಮಹಲ್ ಕಾವಲು. ಹದಿನೇಳನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗೆಂದು ಬೆಣ್ಣೆಚಾವಡಿ ಮಾಡಿದರು, ಮೈಸೂರು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಅದಕ್ಕೆ ಬಿಟ್ಟರು. ಹೈದರ್ ಅಲಿ ಆ ಎತ್ತುಗಳನ್ನು ಫಿರಂಗಿ ಎಳೆಯಲು ಕಟ್ಟಿದ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟು, ಕಟ್ಟುನಿಟ್ಟಾದ ಇಲಾಖೆಯನ್ನೇ ಮಾಡಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಮೊದಲು ಕಣ್ಣಿಟ್ಟ ಸೊತ್ತುಗಳಲ್ಲಿ ಈ ದನವೂ ಒಂದು.

ಆ ವ್ಯವಸ್ಥೆಯ ಜಾಣ್ಮೆ ನೆನೆದರೆ ಬೆರಗಾಗುತ್ತದೆ. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ. ಬಿಸಿಲು ಏರಿದಾಗ ಕೆರೆಯಂಗಳವೂ ನೆರಳೂ ಇರುವಲ್ಲಿಗೆ, ಮಳೆ ಬಿದ್ದಾಗ ಹೊಸ ಹುಲ್ಲು ಏಳುವಲ್ಲಿಗೆ ದನ ನಡೆಯುತ್ತಿತ್ತು. ಅಂದರೆ ಒಂದು ಕಾವಲು ಎಂಟು ತಿಂಗಳು ಖಾಲಿ ಕಂಡರೂ ಅದು ಖಾಲಿಯಲ್ಲ. ಹುಲ್ಲು ಬೀಜ ಕಟ್ಟಿ, ಬೀಜ ನೆಲಕ್ಕೆ ಬಿದ್ದು, ಮುಂದಿನ ಸರದಿಗೆ ಸಿದ್ಧವಾಗುತ್ತಿತ್ತು. ಒಂದು ಕಾಲಕ್ಕೆ ಲಕ್ಷಗಟ್ಟಲೆ ಎಕರೆ ಹರಡಿದ್ದ ಈ ಕಾವಲುಗಳಲ್ಲಿ ಉಳಿದದ್ದು ಸ್ವಲ್ಪ. ಉಬ್ರಾಣಿಗೆ ಹತ್ತಿರದ ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಈಗಲೂ ಅಮೃತ್ ಮಹಲ್ ಕರುಗಳ ಹರಾಜು ನಡೆಯುತ್ತದೆ. ನೀಳ ಮುಖ, ಹಿಂದಕ್ಕೆ ಬಾಗಿ ತುದಿಗೆ ಹತ್ತಿರವಾಗುವ ಕೊಂಬು, ಮುಟ್ಟಲು ಹೋದರೆ ಭುಸ್ಸೆನ್ನುವ ಕರು. ಕೊಳ್ಳಲು ಬಂದ ರೈತರ ಕಣ್ಣಲ್ಲಿ ಅದರ ಮೇಲಿನ ಪ್ರೀತಿ ಕಾಣುತ್ತದೆ. ತಳಿ ಉಳಿದಿದೆ, ಅದು ನಡೆದಾಡಿದ ನೆಲ ತುಂಡು ತುಂಡಾಗಿದೆ.

ಹೊನ್ನಾಳಿಗೆ ಬಂದರೆ ತುಂಗಭದ್ರೆ. ಕೂಡ್ಲಿಯಲ್ಲಿ ಎರಡು ನದಿ ಒಂದಾಗಿ, ಆ ಒಂದಾದ ಹೊಸ ಹುಮ್ಮಸ್ಸಿನಲ್ಲೇ ಹೊನ್ನಾಳಿಯ ಸೇತುವೆಯ ಕೆಳಗೆ ಹಾಯುತ್ತದೆ. ಆಷಾಢದಲ್ಲಿ ಅದರ ಬಣ್ಣ ಕೆಂಪು, ದನಿ ದೊಡ್ಡದು. ಹೊಳೆಸಾಲಿನ ಊರುಗಳಲ್ಲಿ ಭತ್ತದ ಸಸಿಮಡಿ, ತೋಟ, ಕಾಲುವೆ. ಇಂಥ ನೀರಾವರಿ ನೆಲದಲ್ಲಿ ಹುಲ್ಲಿಗೆ ಪ್ರತ್ಯೇಕ ಜಾಗ ಬಿಡುವ ಮನಸ್ಸು ಯಾರಿಗೂ ಬರುವುದು ಕಷ್ಟ. ಬದು, ಕಾಲುವೆಯ ದಂಡೆ, ರಸ್ತೆಯ ಅಂಚು, ಇಷ್ಟರಲ್ಲೇ ಎಮ್ಮೆ ಮೇಯುತ್ತವೆ. ಹಗ್ಗ ಹಿಡಿದು ಜೊತೆಗೆ ನಡೆಯುವುದು ಬಹುಪಾಲು ಹೆಂಗಸರು.

ನ್ಯಾಮತಿ ದಾಟಿ ಸೂರಗೊಂಡನಕೊಪ್ಪಕ್ಕೆ ಹೋದೆ. ಇದು ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ; ಅವರ ಬಾಯಲ್ಲಿ ಭಾಯಾಗಡ್. 1739ರ ಫೆಬ್ರವರಿ 15 ಸೇವಾಲಾಲರು ಹುಟ್ಟಿದ ದಿನವೆಂದು ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿದ ಭಕ್ತರು ನಾಡಿನ ಮೂಲೆಮೂಲೆಯ ತಾಂಡಾಗಳಿಂದ ಇಲ್ಲಿಗೆ ನಡೆದು ಬರುತ್ತಾರೆ. ನಾನು ಹೋದಾಗ ಜಾತ್ರೆಯಿಲ್ಲ, ಜನವಿಲ್ಲ. ಗುಡ್ಡದ ಮಗ್ಗುಲಿನ ಹಸಿರು, ಗುಡಿ, ಬಾವುಟ, ಜಿಟಿಜಿಟಿ ಮಳೆ. ಆದರೂ ಆ ನೆಲದಲ್ಲಿ ನಿಂತಾಗ ಮೈ ಜುಮ್ಮೆಂದಿತು. ದನ ಮೇಯಿಸುವವನೊಬ್ಬ ಒಂದು ಇಡೀ ಜನಾಂಗದ ಗುರುವಾದ ಜಾಗ ಇದು. ರೈಲಿಲ್ಲದ, ರಸ್ತೆಯಿಲ್ಲದ ಕಾಲದಲ್ಲಿ ದಖ್ಖನಿನ ಉಪ್ಪು, ಧಾನ್ಯ ಊರಿಂದೂರಿಗೆ ಹೋದದ್ದು ಬಂಜಾರರ ಹೇರೆತ್ತುಗಳ ಬೆನ್ನ ಮೇಲೆ. ಸಾವಿರಾರು ಎತ್ತು ಒಟ್ಟಿಗೆ ಹೊರಟರೆ ದಾರಿಯುದ್ದಕ್ಕೂ ಅವಕ್ಕೆ ಹುಲ್ಲು ಬೇಕು, ನೀರು ಬೇಕು. ಅಂದಿನ ದೊರೆಗಳು, ದಂಡುಗಳು ಬಂಜಾರರಿಗೆ ಮೇವಿನ ಸವಲತ್ತು ಕೊಟ್ಟಿದ್ದು ದಯೆಯಿಂದಲ್ಲ; ಅದಿಲ್ಲದೆ ದಂಡಿನ ಊಟವೇ ನಡೆಯುತ್ತಿರಲಿಲ್ಲ. ರೈಲು ಬಂತು, ಹೇರು ಹೋಯಿತು. ಎತ್ತಿನ ಜೊತೆ ನಡೆಯುತ್ತಿದ್ದವರು ತಾಂಡಾ ಕಟ್ಟಿ ನಿಂತರು. ಆ ತಾಂಡಾಗಳನ್ನು, ಗೊಲ್ಲರಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಿ ಮನೆಯ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದದ್ದು 2017ರಲ್ಲಿ. ನಿಂತ ಮೇಲೂ ಅವರು ಕಾಗದಕ್ಕೆ ಕಾದ ಕಾಲ ಎಷ್ಟು ದೊಡ್ಡದು!

ಇಲ್ಲಿ ಕಾನೂನಿನ ಮಾತು ಆಡಲೇಬೇಕು. ಈ ನೆಲದ ಕತೆ ಕಚೇರಿಯ ಕಡತದಲ್ಲೂ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಂ ಸರ್ಕಾರಿ ಜಮೀನನ್ನು ಊರ ದನಗಳ ಉಚಿತ ಮೇವಿಗೆ ಕಾದಿಡಲು ಅವಕಾಶ ಕೊಡುತ್ತದೆ. 1966ರ ನಿಯಮಗಳಲ್ಲಿ 97ನೇ ನಿಯಮ ಅದಕ್ಕೆ ಲೆಕ್ಕ ಹೇಳುತ್ತದೆ: ನೂರು ದನಕ್ಕೆ 30 ಎಕರೆ. ನನಗೆ ಇದು ಅಪರೂಪದ ನಿಯಮವಾಗಿ ಕಂಡಿತು. ಹಸುವಿನ ಹೊಟ್ಟೆಯನ್ನು ಎಕರೆಯಲ್ಲಿ ಅಳೆದು ಬರೆದಿಟ್ಟಿದ್ದಾರೆ. ಆದರೆ ಅದೇ ನಿಯಮದಲ್ಲಿ ಜಿಲ್ಲಾಧಿಕಾರಿ ಗೋಮಾಳದ ವಿಸ್ತೀರ್ಣವನ್ನು ಬದಲಿಸುವ ದಾರಿಯೂ ಇದೆ. ಊರಲ್ಲಿ ದನ ಕಡಿಮೆಯಾಗಿದೆ, ಗೋಮಾಳ ಹೆಚ್ಚಿದೆ ಎಂದು ಷರಾ ಬರೆದರೆ ಹೆಚ್ಚಿದ್ದದ್ದು ಮಂಜೂರಿಗೆ ಸಿಗುತ್ತದೆ. ಮೇವಿನ ನೆಲ ಕಡಿಮೆಯಾದದ್ದಕ್ಕೇ ದನ ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ಆ ಷರಾದಲ್ಲಿ ಜಾಗವಿಲ್ಲ.

ಕಾಯ್ದೆಯ 72ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಗೋಮಾಳದ ಹಕ್ಕು ಆ ಊರಿನ ದನಗಳಿಗೆ ಮಾತ್ರ. ಸೀಮೆ ದಾಟಿ ಬರುವ ಕುರಿಮಂದೆಗೆ, ಅದರ ಹಿಂದೆ ಕಂಬಳಿ ಹೊದ್ದು ಬರುವ ಕುರಿಗಾಹಿಗೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಊರವರು ಮಾತ್ರ ಅವರನ್ನು ಬಿಟ್ಟಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿ, ಗೊಬ್ಬರಕ್ಕೆ ಬದಲಾಗಿ ಕಾಳೋ ಕಾಸೋ ಕೊಡುತ್ತಾರೆ. ಜನರ ನಡುವೆ ಇರುವ ಒಪ್ಪಂದ ಕಾಗದದಲ್ಲಿಲ್ಲ.

ಮತ್ತೊಂದು ಕಡೆಯಿಂದ ಬಗರ್‌ಹುಕುಂ. ಭೂಮಿಯಿಲ್ಲದ ಬಡವ ಸರ್ಕಾರಿ ನೆಲದಲ್ಲಿ ಉತ್ತು ಬಿತ್ತಿ, ಫಾರಂ 50, ಆಮೇಲೆ 53, 2018ರ ನಂತರ 57 ಎಂದು ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಲೇ ಇದ್ದಾನೆ. ಅವನ ಹಸಿವೂ ನಿಜ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರೊಟ್ಟಿನ ನೆಲದ ಒತ್ತುವರಿ ತೆರವು ಮಾಡಿ ಊರಿಗೇ ಮರಳಿಸಿರೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಕೊಟ್ಟ ನೆಲದ ವಿಷಯದಲ್ಲಿ ವಿನಾಯಿತಿಗೂ ದಾರಿ ಬಿಟ್ಟಿತು. ಗೋಮಾಳದ ಮೇಲೆ ಇಷ್ಟು ಹಕ್ಕುಗಳು ಒಂದರ ಮೇಲೊಂದು ಕೂತಿರುವಾಗಲೇ ಗಾಳಿಗೆ ಬೆಲೆ ಬಂತು.

ದಾವಣಗೆರೆ ದಾಟಿ, ಅಣಜಿ, ಬಿಳಿಚೋಡು ಮಾರ್ಗವಾಗಿ ಜಗಳೂರಿಗೆ ಹೋಗುವ ದಾರಿಯಲ್ಲಿ ನೆಲದ ಬಣ್ಣ ಮೊದಲು ಬದಲಾಗುತ್ತದೆ, ಆಮೇಲೆ ಮರಗಳ ಎತ್ತರ. ಮೆಕ್ಕೆಜೋಳ, ಶೇಂಗಾ, ತೊಗರಿ. ಕೆಂಪು ನೆಲ, ಕುರುಚಲು ಗುಡ್ಡ. ಬರ ಎಂದರೆ ಜಗಳೂರು ಎಂದು ಜಿಲ್ಲೆಯಲ್ಲಿ ಗಾದೆಯಾಗುವಷ್ಟು ಒಣ ಸೀಮೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರೆತ್ತಿ ಇಲ್ಲಿನ 57 ಕೆರೆಗಳಿಗೆ ತುಂಬಿಸುವ ಯೋಜನೆಗಾಗಿ ಸಿರಿಗೆರೆಯ ತರಳಬಾಳು ಜಗದ್ಗುರುಗಳೂ ಈ ಭಾಗದ ರೈತರೂ ಪಟ್ಟ ಪಾಡನ್ನು ಇಲ್ಲಿನವರು ಕೃತಜ್ಞತೆಯಿಂದ ನೆನೆಯುತ್ತಾರೆ.

ಮತ್ತೆ ಗುಡ್ಡಗಳು! ಅವುಗಳ ನೆತ್ತಿಯಲ್ಲಿ, ಈಗೀಗ ಬಯಲಲ್ಲೂ, ಬಿಳಿಯ ಗಾಳಿಯಂತ್ರಗಳು. ಜನ ಫ್ಯಾನು ಎನ್ನುತ್ತಾರೆ. ಮೊದಲು ಒಂದು ಕಾಣುತ್ತದೆ, ತಿರುವು ದಾಟಿದರೆ ನಾಲ್ಕು, ಇನ್ನೊಂದು ದಿಬ್ಬ ಏರಿದರೆ ದಿಗಂತದ ತುಂಬ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯಿಂದ ಇತ್ತ ಹಬ್ಬಿರುವ ಈ ಗುಡ್ಡಸಾಲು ಹೆಚ್ಚುಕಡಿಮೆ ತೆಂಕು ಬಡಗಾಗಿ ಮಲಗಿದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬಂದು ಅದಕ್ಕೆ ಅಡ್ಡ ಬಡಿಯುತ್ತದೆ. ಗುಡ್ಡ ಏರುವಾಗ ಗಾಳಿ ಒತ್ತಿಕೊಂಡು ವೇಗ ಪಡೆಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಬೇರೆ ಕಡೆಗಿಂತ ತುಸುವೇ ಬಿರುಸಾಗಿ ಗಾಳಿ ಬೀಸುವ ಜಾಗ ಕೂಡ ಬಂಗಾರದ ಬೆಲೆ ಬಾಳುತ್ತದೆ. ಮಳೆ ಕೊಡದೆ ಹೋಗುತ್ತದೆ ಎಂದು ತಲೆತಲಾಂತರ ಬೈಸಿಕೊಂಡ ಗಾಳಿ ಇಂದು ಜಗಳೂರಿನ ಬೆಳೆ.

ಒಂದು ಯಂತ್ರದ ಬುಡಕ್ಕೇ ಹೋಗಿ ನಿಂತೆ. ಕತ್ತು ಹಿಂದಕ್ಕೆ ಬಾಗಿದಷ್ಟೂ ಕಂಬ ಮುಗಿಯುವುದಿಲ್ಲ. ನೂರು ಮೀಟರಿಗೂ ಮೇಲೆ ಕಂಬ, ಅದರ ನೆತ್ತಿಯಲ್ಲಿ ಒಂದೊಂದೂ ಇನ್ನೂರು ಅಡಿ ಉದ್ದದ ಮೂರು ರೆಕ್ಕೆ. ಆ ರೆಕ್ಕೆ ಒಂದು ಸುತ್ತು ಹಾಕಿದರೆ ಆಕಾಶದಲ್ಲಿ ಹೆಚ್ಚುಕಡಿಮೆ ಮೂರು ಎಕರೆ ಉತ್ತಂತೆ. ಕೆಳಗಿಂದ ನೋಡಿದರೆ ನಿಧಾನ. ಆದರೆ ಜೋರು ಗಾಳಿಯಲ್ಲಿ ರೆಕ್ಕೆಯ ತುದಿ ಗಂಟೆಗೆ ಇನ್ನೂರು ಕಿಲೋಮೀಟರು ದಾಟಿ ಓಡುತ್ತಿರುತ್ತದೆ. ಒಂದೊಂದು ರೆಕ್ಕೆ ಕೆಳಗಿಳಿದಾಗಲೂ ಸುಯ್ಯೆಂಬ ಸದ್ದು, ಜೊತೆಗೆ ನೆಲದ ಮೇಲೆ ಓಡಿ ಮಾಯವಾಗುವ ನೆರಳು. ಹೊಗೆಯಿಲ್ಲ, ಬೂದಿಯಿಲ್ಲ, ಕಲ್ಲಿದ್ದಲಿಗಾಗಿ ಎಲ್ಲೋ ಬಗೆದ ನೆಲವಿಲ್ಲ. ಮನುಷ್ಯನ ಬುದ್ಧಿ ಗಾಳಿಯ ಮುಂದೆ ಇಷ್ಟು ವಿನಯದಿಂದ ನಿಂತು, ಅದರಿಂದ ಇಷ್ಟು ಪಡೆಯಬಲ್ಲದಲ್ಲ ಎಂದು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಬುಡದಲ್ಲಿ ಕುರಿಮಂದೆ ಇತ್ತು. ಬಳ್ಳಾರಿ ತಳಿಯ ಕುರಿಗಳು, ಕಪ್ಪು, ಬಿಳಿ, ಎರಡೂ ಬೆರೆತವು. ಬಿಸಿಲು ಚುರುಕಾಗಿತ್ತು, ಆ ಬೋಳುಗುಡ್ಡದಲ್ಲಿ ಮರವಿರಲಿಲ್ಲ. ಕುರಿಗಳೆಲ್ಲ ಕಂಬದ ನೆರಳಿನ ಒಂದೇ ಪಟ್ಟಿಯಲ್ಲಿ, ಒಂದರ ಹಿಂದೊಂದು ಒತ್ತಿಕೊಂಡು ಮಲಗಿದ್ದವು. ಹೊತ್ತು ಸರಿದು ನೆರಳು ಜರುಗಿದಂತೆ ಅಂಚಿನ ಕುರಿ ಎದ್ದು ಇನ್ನೊಂದು ಮಗ್ಗುಲಿಗೆ ಬಂದು ಮಲಗುತ್ತಿತ್ತು. ಹೀಗೆ ಇಡೀ ಮಂದೆ ಗಡಿಯಾರದ ಮುಳ್ಳಾಗದೆಯೂ ಹೊತ್ತನ್ನು ತೋರಿಸುತ್ತಿತ್ತು. ಕಾಯುತ್ತಿದ್ದ ಹಿರಿಯರನ್ನು ಕೇಳಿದೆ:

"ಯಜಮಾನ್ರೇ, ಈ ಫ್ಯಾನಿನಿಂದ ಕುರಿಗೆ ತೊಂದ್ರೆ ಏನಾರ ಐತಾ?"

"ಫ್ಯಾನು ಏನ್ ಮಾಡ್ತೈತೆ ಸಾಮಿ, ಅದರ ಪಾಡಿಗೆ ತಿರುಗ್ತೈತೆ. ಕುರಿ ಮೊದ್ಲು ಬೆದರಿದ್ವು, ಈಗ ನೆಳ್ಳಿಗೆ ಬತ್ತವೆ. ತೊಂದ್ರೆ ಇರಾದು ಬೇಲಿದು. ರಸ್ತೆ ಮಾಡಿದ್ರು, ಒಳ್ಳೇದಾತು, ಗಾಡಿ ಬತ್ತವೆ. ಆದ್ರೆ ಇಂಥಾ ಕಡೆ ದಾಟ್ಬ್ಯಾಡ, ಅಂಥಾ ಕಡೆ ಬರ್ಬ್ಯಾಡ ಅಂತಾರೆ. ಕುರಿಗೆ ಓದಾಕ್ ಬರ್ತೈತಾ?"

ಇಷ್ಟು ಹೇಳಿ, ಅವರು ಒಂದು ಕುರಿಯನ್ನು ಹಿಡಿದು ಅದರ ಉಣ್ಣೆಯಿಂದ ಏನನ್ನೋ ಬಿಡಿಸಿ ನನ್ನ ಅಂಗೈಗೆ ಇಟ್ಟರು. ಹೋದ ಸುಗ್ಗಿಯ ಕರಡದ ಬೀಜ. ಒಂದು ತುದಿಯಲ್ಲಿ ಸೂಜಿಯಷ್ಟು ಚೂಪಾದ ಮೊನೆ, ಅದರ ಹಿಂದೆ ಹುರಿ ಹಾಕಿದ ಕಂದು ಬಾಲ. "ಎಂಜಲು ಹಚ್ಚಿ ನೋಡ್ರಿ" ಎಂದರು. ಹಚ್ಚಿದೆ. ಆ ಬಾಲ ಅಂಗೈ ಮೇಲೆ ತಾನೇ ತಾನಾಗಿ ತಿರುಗತೊಡಗಿತು! ಒಣಗಿದಾಗ ಹುರಿಗೊಂಡು, ನೆನೆದಾಗ ಬಿಚ್ಚಿಕೊಂಡು, ಹಗಲು ಬಿಸಿಲಿಗೂ ಇರುಳ ಇಬ್ಬನಿಗೂ ತಿರುತಿರುಗಿ ಬೀಜವನ್ನು ತಾನೇ ನೆಲಕ್ಕೆ ಕೊರೆಯುತ್ತದೆ ಈ ಹುಲ್ಲು. ಮೇಲೆ ಗಾಳಿಗೆ ತಿರುಗುವ ಯಂತ್ರ, ಕೆಳಗೆ ಹನಿಗೆ ತಿರುಗುವ ಬೀಜ. ಕಡತದಲ್ಲಿ ಖರಾಬು ಎಂದು ಬರೆದ ನೆಲದಲ್ಲಿ ಇಷ್ಟು ಕುಶಲ ಕೆಲಸ ನಡೆಯುತ್ತಿದೆ.

ಜಗಳೂರಿನಲ್ಲಿ ಇನ್ನೊಂದು ಅಚ್ಚರಿ ಕಾಯುತ್ತಿದೆ. ರಂಗಯ್ಯನದುರ್ಗದ ಕಾಡು, 2011ರಲ್ಲಿ ಕೊಂಡುಕುರಿಗೆಂದೇ ಘೋಷಿಸಿದ ವನ್ಯಧಾಮ. ವಿಸ್ತೀರ್ಣ 77 ಚದರ ಕಿಲೋಮೀಟರಿನಷ್ಟು. ನಾಲ್ಕು ಕೊಂಬಿರುವ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಅಥವಾ ಜೋಡಿಯಾಗಿ ಹುಲ್ಲು ಪೊದೆಗಳ ನಡುವೆ ಅಡಗಿ ಬದುಕುತ್ತದೆ. ಸಂಜೆ ಬೆಳಕಲ್ಲಿ ಕುರುಚಲಿನ ಸಂದಿನಿಂದ ಒಂದು ಕಂದು ಬೆನ್ನು ಸರಕ್ಕನೆ ಮರೆಯಾದದ್ದನ್ನು ಕಂಡೆ. ಅದು ಕೊಂಡುಕುರಿಯೇ ಎಂದು ಜೊತೆಗಿದ್ದವರು ಹೇಳಿದರು. ದಟ್ಟ ಕಾಡು ಬೇಡ. ಜನ ಬಂಜರು ಎಂದು ತಳ್ಳಿಹಾಕುವ ಈ ಕುರುಚಲು ಕಾಡೇ ಅದಕ್ಕೆ ಅರಮನೆ.

ಗಾಳಿಯಂತ್ರ ಬಂದ ಬೆಟ್ಟದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತವರ ಸಂಗಡಿಗರು ಸಾತಾರಾದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಅಳೆದು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಯಂತ್ರವಿರುವಲ್ಲಿ ಬೇಟೆಗಾರ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಗಿಡುಗ ಹೋದಲ್ಲಿ ಓತಿಕ್ಯಾತಗಳು ಹೆಚ್ಚಿದವು. ಹೆಚ್ಚಿದ ಓತಿಗಳ ನಡವಳಿಕೆಯೂ ಬದಲಾಯಿತು. ಆಕಾಶದಲ್ಲಿ ತಿರುಗುವ ರೆಕ್ಕೆ ನೆಲದಲ್ಲಿ ಹರಿಯುವ ಜೀವಿಯ ಬದುಕನ್ನು ತಿದ್ದುತ್ತದೆ. ಅಂದಮೇಲೆ ಯಂತ್ರ ಬರುವ ಮೊದಲು ಆ ನೆಲದಲ್ಲಿ ಯಾರು ಯಾರಿದ್ದಾರೆ ಎಂದು ಎಣಿಸುವುದು ಎಷ್ಟು ಅಗತ್ಯ.

ಮನುಷ್ಯರನ್ನೂ ಎಣಿಸಬೇಕು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸಬೇಡರ ದೇವರ ಎತ್ತುಗಳಿವೆ. ನೊಗ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಹರಕೆ ಹೊತ್ತು ಅವುಗಳನ್ನು ಕಾಯುತ್ತಾರೆ. ಕಟ್ಟಿಹಾಕಿ ಹಿಂಡಿ ತಿನ್ನಿಸುವ ದನವಲ್ಲ ಅದು, ಬಯಲು ಬೇಕು. ಚಳ್ಳಕೆರೆಯಲ್ಲಿ ಅಮೃತ್ ಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಊರವರಿಗೆ ಗೊತ್ತಾದದ್ದು ಗೋಡೆ ಏಳತೊಡಗಿದ ಮೇಲೆ. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ವಿದ್ಯುತ್ತೂ ಬೇಕು. ಆದರೆ ಕೇಳದೆ ತೆಗೆದುಕೊಂಡ ನೆಲದ ಮೇಲಿನ ಗೋಡೆಯನ್ನು ಊರು ತನ್ನದೆಂದು ಎಂದಿಗೂ ಒಪ್ಪುವುದಿಲ್ಲ.

ಇದು ನಮ್ಮ ಸೀಮೆಯ ಸಂಕಟ ಮಾತ್ರವೂ ಅಲ್ಲ. ನಾರ್ವೆಯ ಫೋಸೆನ್ ಎಂಬಲ್ಲಿ ಸಾಮಿ ಜನರು ತಮ್ಮ ಹಿಮಸಾರಂಗಗಳನ್ನು ಚಳಿಗಾಲದಲ್ಲಿ ಮೇಯಿಸುವ ಬೆಟ್ಟಗಳಿವೆ. ಅಲ್ಲಿ 151 ಗಾಳಿಯಂತ್ರ ನಿಂತವು. ಹಿಮಸಾರಂಗಗಳು ಆ ಬೆಟ್ಟದತ್ತ ಸುಳಿಯುವುದನ್ನೇ ಬಿಟ್ಟವು ಎಂದು ಸಾಮಿಗಳು ನ್ಯಾಯಾಲಯಕ್ಕೆ ಹೋದರು. 2021ರ ಅಕ್ಟೋಬರ್ 11ರಂದು ಆ ದೇಶದ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿತು: ಕೊಟ್ಟ ಪರವಾನಗಿ ಅಸಿಂಧು, ಸಾಮಿಗಳ ಸಂಸ್ಕೃತಿಯ ಹಕ್ಕಿಗೆ ಭಂಗವಾಗಿದೆ. ಮುಂದೆ ನಡೆದ ಒಪ್ಪಂದಗಳಲ್ಲಿ ಪರಿಹಾರದ ಜೊತೆಗೆ ಬೇರೆಡೆ ಚಳಿಗಾಲದ ಮೇವಿನ ನೆಲವೂ ಸೇರಿತು. ಅಷ್ಟು ಸಿರಿವಂತ ದೇಶವೂ ಯಂತ್ರ ನಿಲ್ಲಿಸಿದ ಮೇಲೆ ಕಲಿತ ಪಾಠವನ್ನು ನಾವು ನಿಲ್ಲಿಸುವ ಮೊದಲೇ ಕಲಿಯಬಹುದು.

ಜಗಳೂರಿನ ಗುಡ್ಡದಲ್ಲಿ ಕುರಿ, ಯಂತ್ರ ಎರಡೂ ಒಂದೇ ನೆಲದಲ್ಲಿ ಇದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕಲ್ಲಿದ್ದಲ ಸ್ಥಾವರದ ಕೆಳಗೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಹುಲ್ಲು ಬೆಳೆಯುವುದಿಲ್ಲ. ಗಾಳಿಯಂತ್ರದ ಬುಡದಲ್ಲಿ ಬೆಳೆಯುತ್ತದೆ. ಕಂಬಕ್ಕೆ, ರಸ್ತೆಗೆ, ತಂತಿಗೆ ಬೇಕಾದ ನೆಲ ಬಿಟ್ಟರೆ ಮಿಕ್ಕದ್ದೆಲ್ಲ ಮೇವಿಗೆ ತೆರೆದಿರಬಹುದು. ಎರಡನ್ನೂ ಉಳಿಸಿಕೊಳ್ಳುವ ಇಂಥ ಅವಕಾಶ ಬೇರೆ ಯಾವ ದೊಡ್ಡ ಯೋಜನೆಯೂ ಕೊಡುವುದಿಲ್ಲ. ಅದಕ್ಕೇ ಈ ಅವಕಾಶವನ್ನು ಬೇಲಿ ಹಾಕಿ ಕಳೆದುಕೊಳ್ಳಬಾರದು ಎಂದು ನನ್ನ ಹಟ.

ಆಗಬೇಕಾದದ್ದು ದೊಡ್ಡದೇನಲ್ಲ. ಸರ್ಕಾರಿ ನೆಲವನ್ನು ಮೂವತ್ತು ವರ್ಷದ ಗುತ್ತಿಗೆಗೆ ಬರೆಯುವ ಮೊದಲು ಆ ಊರಿನ ದನ, ಕುರಿ, ಮೇಕೆಗಳನ್ನು ಗ್ರಾಮಸಭೆಯ ಎದುರಿಗೇ ಎಣಿಸಬೇಕು. ನೂರಕ್ಕೆ 30 ಎಕರೆ ಎಂಬ ಲೆಕ್ಕ ಹಾಕಿ, ಉಳಿದರೆ ಮಾತ್ರ ಉಳಿಕೆ ಎನ್ನಬೇಕು. ಹಾದುಹೋಗುವ ಮಂದೆಗಳ ದಾರಿಯನ್ನು ನಕ್ಷೆಯಲ್ಲಿ ಗುರುತಿಸಬೇಕು. ವಲಸೆ ಕುರಿಗಾಹಿಗಳ ರಕ್ಷಣೆಗೆಂದು 2025ರಲ್ಲಿ ವಿಧೇಯಕವೊಂದು ನಮ್ಮ ವಿಧಾನಮಂಡಲದ ಮುಂದೆ ಬಂದಿತು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಕಾಲ ಕೂಡಿಬಂದಿದೆ.

ಪಹಣಿಯಲ್ಲಿ 11ನೇ ಕಾಲಂ ಒಂದಿದೆ; ಇತರ ಹಕ್ಕುಗಳು ಮತ್ತು ಋಣಗಳು ಎಂದು ಅದರ ತಲೆಬರಹ. ಬ್ಯಾಂಕಿನ ಸಾಲ, ಭೋಗ್ಯ, ಗುತ್ತಿಗೆ ಎಲ್ಲ ಅಲ್ಲೇ ಬರೆಯುವುದು. ಗಾಳಿಯ ಗುತ್ತಿಗೆ ಆ ಕಾಲಂಗೆ ಬರುವ ದಿನವೇ, ಅದೇ ಶಾಯಿಯಲ್ಲಿ, ಈ ನೆಲದಲ್ಲಿ ಊರ ದನಕ್ಕೂ ಹಾದುಹೋಗುವ ಕುರಿಗೂ ಮೇವಿನ ಹಕ್ಕಿದೆ ಎಂದು ಇನ್ನೊಂದು ಸಾಲು ಬರೆಯಲಿ. ಚನ್ನಗಿರಿಯ ಕಾವಲಿಗೂ ನ್ಯಾಮತಿಯ ತಾಂಡಾದ ಮಗ್ಗುಲಿನ ಗುಡ್ಡಕ್ಕೂ ಹೊನ್ನಾಳಿಯ ಹೊಳೆದಂಡೆಗೂ ಜಗಳೂರಿನ ಬಯಲಿಗೂ ಆ ಒಂದು ಸಾಲು ಬೇಕು. ಬರೆಯುವ ಅಧಿಕಾರ ಸರ್ಕಾರದ ಕೈಯಲ್ಲಿದೆ. ಬರೆಸುವ ಕೆಲಸ ಗ್ರಾಮಸಭೆಗೆ ಹೋಗಿ ಕೂರುವ ನಮ್ಮೆಲ್ಲರದು.